ಗಿರಿಜೆಯ ಬಾಣಂತನ

ಮನೆಯಲ್ಲಿ ಒಬ್ಬರ ದೇಹಸ್ಥಿತಿಯನ್ನು ಉಳಿದವರೆಲ್ಲರೂ ಪ್ರಾತಃಕಾಲದಲ್ಲಿಯೇ ವಿಚಾರಿಸಿಕೊಳ್ಳುವ ಭಾಗ್ಯವು ಸಾಮಾನ್ಯವಾಗಿ ವಯೋವೃದ್ಧರಿಗೆ ಸಲ್ಲತಕ್ಕದ್ದು. ನಮ್ಮಲ್ಲಾದರೋ ಅದು ಗಿರಿಜೆಗೆ ಸಂದಿದೆ. ಗಿರಿಜೆಯೆಂದರೆ ನನ್ನ ಅತ್ತೆಯವರೆಂದು ಭಾವಿಸಬೇಡಿ. ಆಕೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು ರೂಪಿಸಿದ ಗಿರಿರಾಜ ತಳಿಯ, ಕೆಂಪು ಮೈಯ, ತಕ್ಕಮಟ್ಟಿಗೆ ಸ್ಥೂಲಕಾಯಳಾದ ಹೇಂಟೆ. ಗಿರಿರಾಜನ ಸುತೆಗೆ ಬೇರೆ ಹೆಸರನ್ನು ಹುಡುಕುವ ಶ್ರಮವೇಕೆಂದು ನನ್ನ ಮಡದಿಯೇ ನಾಮಕರಣ ಮಾಡಿದಳು.

ತೀರ್ಥಹಳ್ಳಿಯ ಸೀಮೆಯ ಮಳೆಗಾಲದಲ್ಲಿ ಮನುಷ್ಯರಿಗೇ ಬಿಸಿಲು ದುರ್ಲಭವಾಗಿರುವಾಗ ಕೋಳಿಗಳ ಪಾಡನ್ನು ಕೇಳುವವರಾರು? ಆಷಾಢದ ಜಡಿಮಳೆ ಹಿಡಿದು ಅಂಗಳವೆಲ್ಲ ಹಾವಸೆಗಟ್ಟಿದ ಕಾಲದಲ್ಲಿ, ಅದುವರೆಗೆ ನಿಯಮ ತಪ್ಪದೆ ಮೊಟ್ಟೆಯಿಟ್ಟು, ಇಟ್ಟುದನ್ನು ಕೇರಿಗೆಲ್ಲ ಸಾರಿ ಹೇಳುತ್ತಿದ್ದ ಈಕೆ, ಸದ್ದಿಲ್ಲದೆ ತೊಗಲು ಮೊಟ್ಟೆಗಳನ್ನಿಡಲು ಪ್ರಾರಂಭಿಸಿದಳು. ಕಾಣದವರಿಗಾಗಿ ಹೇಳುತ್ತೇನೆ: ತೊಗಲು ಮೊಟ್ಟೆಗೆ ಆಕಾರವುಂಟು, ಚಿಪ್ಪಿಲ್ಲ. ಅಂಗೈಯಲ್ಲಿಟ್ಟರೆ ಬೆಚ್ಚಗೆ, ಮೆತ್ತಗೆ, ತನ್ನ ಭಾರಕ್ಕೆ ತಾನೇ ಒಂದು ಪಕ್ಕಕ್ಕೆ ಕುಸಿದು ಕೂರುವ ಆ ವಸ್ತುವನ್ನು ಬೆಳಕಿಗೆ ಹಿಡಿದರೆ ಪೊರೆಯೊಳಗೆ ಹಳದಿ ಭಂಡಾರವು ಅತ್ತಿಂದಿತ್ತ ಹೊರಳಾಡುವುದು ಕಾಣುತ್ತದೆ. ಅದನ್ನು ಬಾಣಲೆಯವರೆಗೆ ಒಯ್ಯುವುದೇ ಒಂದು ಸಾಹಸ.

ರೋಗಿಯ ಸುದ್ದಿ ಹಬ್ಬಿದೊಡನೆ ವೈದ್ಯರು ತಾವಾಗಿಯೇ ಉದ್ಭವಿಸುವುದು ನಮ್ಮ ಸೀಮೆಯ ಗುಣ. ನೆರೆಮನೆಯ ಅಜ್ಜಿ, “ದೃಷ್ಟಿಯಾಗಿದೆ ಕಣೋ, ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕು” ಎಂದು ಆಜ್ಞಾಪಿಸಿದಳು. ಊರಿನಿಂದ ಬಂದಿದ್ದ ನನ್ನ ಭಾವಮೈದುನನು, “ಭಾವ, ಇಂಥ ಕೋಳಿಗೆ ಬೆಳ್ಳುಳ್ಳಿ, ಶುಂಠಿ, ಕೊತ್ತಂಬರಿಗಿಂತ ಮಿಗಿಲಾದ ಔಷಧವಿಲ್ಲ, ಪಥ್ಯಕ್ಕೆ ಕಡುಬು” ಎಂದು ಗಂಭೀರವಾಗಿ ನುಡಿದನು. ಕೋಳಿಯನ್ನು ಕೇಳಿ ಮಸಾಲೆ ಅರೆಯುವ ಪದ್ಧತಿ ಲೋಕದಲ್ಲಿಲ್ಲವೆಂಬುದು ನಿಜ. ಆದರೆ ಕೋಳಿಯ ಎದುರಿನಲ್ಲಿಯೇ ಮಸಾಲೆಯ ಪ್ರಸ್ತಾಪವೆತ್ತುವುದು ಯಾವ ಶಿಷ್ಟಾಚಾರ?

ಕಟ್ಟಕಡೆಗೆ ಪಶುವೈದ್ಯರು ಹೇಳಿದ ಸಂಗತಿಯಿಂದ ನನಗೆ ಗಿರಿಜೆಯ ವಿಷಯದಲ್ಲಿ ಇಮ್ಮಡಿ ಗೌರವ ಹುಟ್ಟಿತು. ಒಂದು ಮೊಟ್ಟೆ ಸಿದ್ಧವಾಗಲು ಸುಮಾರು 25 ಗಂಟೆ ಬೇಕು. ಅದರಲ್ಲಿ 20 ಗಂಟೆಯಷ್ಟು ಕಾಲ ಚಿಪ್ಪಿನ ಕೆಲಸಕ್ಕೇ ಮೀಸಲು. ಆ ಚಿಪ್ಪಿಗೆ 2 ಗ್ರಾಮಿನಷ್ಟು ಸುಣ್ಣದ ಸತ್ವ ಬೇಕಾಗಿ, ಮೇವಿನಲ್ಲಿ ಅದು ಸಾಲದಿದ್ದರೆ ಕೋಳಿಯು ತನ್ನ ಎಲುಬಿನ ಭಂಡಾರದಿಂದಲೇ ಅದನ್ನು ತೆಗೆದುಕೊಡುತ್ತದೆ. ತಿಂದ ಸುಣ್ಣವು ಮೈಗೆ ಹತ್ತಬೇಕಾದರೆ ಬಿಸಿಲಿನಿಂದ ದೊರೆಯುವ ‘ಡಿ’ ಜೀವಸತ್ವವೂ ಬೇಕು. ಎಂದರೆ, ನಾವು ಕಂಬಳಿ ಹೊದೆದು ಗೊರಕೆ ಹೊಡೆಯುವ ಹೊತ್ತಿನಲ್ಲಿ ಈ ಪ್ರಾಣಿ ತನ್ನ ಎಲುಬನ್ನು ಕರಗಿಸಿ ನಮ್ಮ ಬೆಳಗಿನ ಉಪಾಹಾರಕ್ಕೆ ಹೊದಿಕೆಯನ್ನು ಸಿದ್ಧಪಡಿಸುತ್ತಿರುತ್ತದೆ! ಇಷ್ಟನ್ನು ತಿಳಿದ ಮೇಲೂ ಕಡುಬನ್ನು ನೆನೆಯುವವನು ಭಾವಮೈದುನನೇ ಆಗಿರಬೇಕು.

ಸುಣ್ಣದ ಕೊರತೆ ನೀಗಲೆಂದು ಆರಂಭಿಸಿದ ಚಿಪ್ಪಿನ ಪುಡಿಯ ಉಪಚಾರ ನಡೆದಿರುವಾಗಲೇ ಒಂದು ಮಧ್ಯಾಹ್ನ ಆಕೆ ಬಾಲವನ್ನು ಇಳಿಬಿಟ್ಟು, ಗರಿ ಕೆದರಿ, ನೆಟ್ಟಗೆ ನಿಂತು ಮುಕ್ಕರಿಯತೊಡಗಿದಳು. ಮೊಟ್ಟೆ ಸಿಕ್ಕಿಕೊಂಡಿತ್ತು. ಬಚ್ಚಲಿನ ಹಂಡೆಯಿಂದ ನೀರು ತೋಡಿ, ಮೊಣಕೈ ಅದ್ದಿ ಹದ ನೋಡಿ, ಹೊಟ್ಟೆ ಮುಳುಗುವಷ್ಟು ನೀರಿನಲ್ಲಿ ಕೂರಿಸಿದಾಗ, ಮೊದಲು ನನ್ನ ಪಂಚೆಯನ್ನೆಲ್ಲ ತೋಯಿಸಿ ಪ್ರತಿಭಟಿಸಿದವಳು, ಕ್ರಮೇಣ ಕಣ್ಣಿನ ಕೆಳರೆಪ್ಪೆಯನ್ನು ಮೇಲಕ್ಕೆಳೆದುಕೊಂಡು, ಕುತ್ತಿಗೆಯನ್ನು ನನ್ನ ಮುಂಗೈಯ ಮೇಲೆ ಚೆಲ್ಲಿ, ಅಭ್ಯಂಗಸ್ನಾನದ ಪರಮಾನಂದವನ್ನು ಅನುಭವಿಸಿದಳು. ನಮ್ಮ ಮಗಳ ಬಾಣಂತನದಲ್ಲಿಯೂ ನೀವು ಹೀಗೆ ನೀರು ಕಾಯಿಸಿದವರಲ್ಲವೆಂದು ಮಡದಿ ಆಕ್ಷೇಪಿಸಿದುದನ್ನು ನಾನು ಕೇಳಿಸಿಕೊಳ್ಳಲಿಲ್ಲ. ಮೈಯೊರೆಸಿ ಒಲೆಯ ಬಳಿ ಕತ್ತಲೆಯಲ್ಲಿ ಮಂಕರಿ ಕವುಚಿಟ್ಟೆವು. ದೀಪ ಹಚ್ಚುವ ವೇಳೆಗೆ ಸುಕ್ಕುಗಟ್ಟಿದ, ಒರಟು ಚಿಪ್ಪಿನ ಮೊಟ್ಟೆಯೊಂದು ಹೊರಬಂದಿತು. ಅದಕ್ಕೆ ಆಕೆ ಮಾಡಿದ ಗದ್ದಲವನ್ನು ನೋಡಿದರೆ ಚಿನ್ನದ್ದನ್ನಿಟ್ಟವಳಿಗೂ ಅಷ್ಟು ಬಿಂಕ ಇದ್ದಿರಲಾರದು.

ಕೋಳಿ ಸಾಕುವ ವಾಚಕ ಮಹಾಶಯರಲ್ಲಿ ನನ್ನ ವಿಜ್ಞಾಪನೆ ಇಷ್ಟೆ. ಚಿಪ್ಪಿನ ಪುಡಿಯನ್ನು ಮೇವಿನಲ್ಲಿ ಬೆರೆಸದೆ ಬೇರೆ ಬಟ್ಟಲಿನಲ್ಲಿಡಿ. ಎಷ್ಟು ತಿನ್ನಬೇಕೆಂಬುದನ್ನು ಕೋಳಿಯೇ ಬಲ್ಲದು. ಸಿಕ್ಕಿಕೊಂಡ ಮೊಟ್ಟೆಯನ್ನು ಹೊಟ್ಟೆ ಹಿಸುಕಿ ತೆಗೆಯಲು ಹೋಗಬೇಡಿ. ಒಳಗೆ ಒಡೆದರೆ ಪ್ರಾಣಕ್ಕೇ ಸಂಚಕಾರ. ಬಿಸಿನೀರಿಗೂ ಬಗ್ಗದಿದ್ದರೆ ತಡಮಾಡದೆ ಪಶುವೈದ್ಯರಲ್ಲಿಗೆ ಒಯ್ಯಿರಿ. ಅಲ್ಲಿ ಎಮ್ಮೆಗಳ ಸಾಲಿನ ನಡುವೆ ಕೋಳಿಯನ್ನು ಮಡಿಲಲ್ಲಿಟ್ಟುಕೊಂಡು ಕೂರಲು ನಾಚಬೇಡಿ.