ಎಮ್ಮೆ ಟಾಕಿಯ ಬಾಣಂತಿ

ಮಹಾರಾಷ್ಟ್ರದ ಅಕ್ಕಲಕೋಟ ತಾಲೂಕಿನ ಹನ್ನೂರಿನಲ್ಲಿ ಒಂದು ಮನೆಯ ಹಿತ್ತಲು. ಕೊಟ್ಟಿಗೆಗೆ ಹೊಂದಿ ಸಿಮೆಂಟಿನ ಟಾಕಿ. ಮೊದಲು ಎಮ್ಮೆ ಅದರಲ್ಲಿ ನೀರು ಕುಡಿಯುತ್ತಿತ್ತು. ಈಗ ಎಮ್ಮೆಗೆ ಬಕೆಟ್ಟು, ಟಾಕಿ ಕೋಯಿ ಮೀನಿಗೆ. ನಸುಕಿನಲ್ಲಿ ತತ್ತಿಯಿಟ್ಟ ಬಿಳಿ-ಕೆಂಪು ಹೆಣ್ಣನ್ನು ಆಗಷ್ಟೇ ಎತ್ತಿ ಡ್ರಮ್ಮಿಗೆ ಬಿಟ್ಟಿದ್ದರು. ಅಲ್ಲೇ ಕಲ್ಲಿನ ಮೇಲೆ ಕುಂತು ಮಾತಿಗೆಳೆದೆ.

ನಾನು: ಅವ್ವಾರ, ಬಾಣಂತನ ಹ್ಯಾಂಗ ನಡದದ್ರಿ?

ಮೀನು: ಎಲ್ಲೀ ಬಾಣಂತನ ತಮ್ಮಾ? ಹಡದ ಕೂಡಲೇ ಬಲಿ ಹಾಕಿ ಹೊರಗ ಹಾಕ್ಯಾರ.

ನಾನು: ನಿಮ್ಮ ತತ್ತಿ ನೀವ ತಿಂತೀರಿ ಅಂತ ಮಾಲಕರ ದೂರು.

ಮೀನು: ತಿಂದೆ, ಸುಳ್ಳ್ಯಾಕ ಹೇಳಲಿ? ಮೈ ತೂಕದ ಕಿಲೋಕ್ಕ ಸುಮಾರು ಲಕ್ಷ ತತ್ತಿ ಇಡಾಕಿ ನಾ. ಲಕ್ಷಕ್ಕ ಹೆಸರಿಡಾಕ ಆಗತದೇನು? ಮೂರು ಗಂಡು ಬೆನ್ನ ಹತ್ತಿ, ಹೊಟ್ಟಿಗೆ ಗುದ್ದಿ ಗುದ್ದಿ ಇಡಿಸ್ಯಾವ. ಕಿವಿರಿನ ಮ್ಯಾಲ ಬಿಳಿ ಗುಳ್ಳಿ, ಮೊಡವಿ ಎದ್ದ ಹುಡುಗರ ಹಾಂಗ. ಅವೂ ತಿಂದಾವ. ದೂರು ನನ್ನೊಬ್ಬಾಕಿ ಮ್ಯಾಲ.

ನಾನು: ಮರಿಗೆ ಉಣ್ಣಾಕ ಏನು ವ್ಯವಸ್ಥಾ?

ಮೀನು: ಮೂರು-ನಾಕು ದಿನಕ್ಕ ತತ್ತಿ ಒಡೀತಾವ. ಮತ್ತೆರಡು ದಿನ ಹೊಟ್ಟಿಗೆ ಕಟ್ಟಿಕೊಂಡು ಬಂದ ಬುತ್ತಿ ನಡೀತದ. ಆಮ್ಯಾಲ ಕುದಿಸಿದ ಕೋಳಿ ತತ್ತಿಯ ಹಳದಿ ಅರಿವ್ಯಾಗ ಕಟ್ಟಿ ಹಿಂಡಬೇಕು. ಇದು ಲಿಂಗ ಕಟ್ಟಿದ ಮನಿ, ತತ್ತಿ ಒಲಿ ಏರೂಹಂಗಿಲ್ಲ. ಹೋದ ವರ್ಷ ಮಾಲಕ ಕೊಟ್ಟಿಗಿ ಹಿಂದ ಮೂರು ಕಲ್ಲು ಹೂಡಿ ಕದ್ದು ಕುದಿಸಿದ. ಅವರವ್ವ ವಾಸನಿ ಹಿಡದ್ಲು. "ನಮಗಲ್ಲಬೇ, ಮೀನಿಗೆ" ಅಂದ. "ಆ ಮೀನು ಯಾರಿಗೆ?" ಅಂದ್ಲು. ಕಡೀಗೆ ಶೇಂಗಾ ಹಿಂಡಿ, ಅಕ್ಕಿ ತೌಡಿನ ಮ್ಯಾಲ ರಾಜಿ ಆತು.

ನಾನು: ಸಾಕಾತೇನ್ರಿ ಅದು?

ಮೀನು: ನನ್ನ ಕೇಳಿದ್ರ ಹೇಳತಿದ್ದೆ. ಮುಂಚೇನ ಒಂದು ಹೊಂಡದಾಗ ಹೆಂಡಿ ಕಲಸಿ ಬಿಟ್ಟಿದ್ರ ನೀರು ಹಸರಾಗಿ, ಮರಿ ಬಾಯಿಗೆ ಹತ್ತೂವಂಥ ಸಣ್ಣ ಹುಳ ತಾವ ಹುಟ್ಟತಿದ್ದವು. ಎಮ್ಮಿ ಮಗ್ಗಲದಾಗ ನಿಂತದ, ಇಂವ ಮೊಬೈಲಿನ್ಯಾಗ ಹುಡುಕತಾನ.

ನಾನು: ನಿಮ್ಮ ಮೂಲ ಜಪಾನ್ ಅಂತಾರಲ್ಲ?

ಮೀನು: ನೀಗಾತಾ ಅಂತ ಹಿಮ ಬೀಳೂ ಸೀಮಿ. ಚಳಿಗಾಲದಾಗ ತಿನ್ನಾಕ ಭತ್ತದ ಗದ್ದಿ ನೀರಿನ್ಯಾಗ ಸಾಕಿದ ಕರಿ ಗೆಂಡಿ ನಮ್ಮ ಹಿರ್ಯಾರು. ಹತ್ತೊಂಬತ್ತನೇ ಶತಮಾನದಾಗ ಯಾವದೋ ಒಂದರ ಮೈಮ್ಯಾಗ ಕೆಂಪು ಮಚ್ಚಿ ಕಂಡು, ಕೊಯ್ಯಾವರು ಕೈ ತಡದ್ರು. 1914ರಾಗ ಟೋಕಿಯೊ ಪ್ರದರ್ಶನಕ್ಕ ಹೋದ್ವಿ. ಬಾಣಲಿ ತಪ್ಪಿತು, ಪಾಸು-ಫೇಲು ಶುರುವಾತು.

ನಾನು: ಪಾಸು-ಫೇಲು?

ಮೀನು: ಕೆಂಪು-ಬಿಳಿ ನಡುವಿನ ಅಂಚು ಚಾಕು ಹಾಕಿ ಕೊಯ್ದಾಂಗ ಇರಬೇಕು. 'ಕಿವಾ' ಅಂತಾರ ಅದಕ್ಕ. ಅಂಚು ಕಲಸಿದ ಮರಿ ತಗದು ಒಗೀತಾರ. ಹಿಂಗ ನಾಕೈದು ಸಲ ಜಾಡಿಸಿದ ಮ್ಯಾಲ ಉಳಿಯೂವು ಬೆರಳಿನ್ಯಾಗ ಎಣಿಸೂವಷ್ಟು. ಈ ಮಾತು ಹನ್ನೂರಾಗ ಕುಂತು ಹೇಳಾಕ ನನಗ ನಗಿ ಬರತದ. ಇಲ್ಲಿ ಮನ್ಯಾಗ ಕನ್ನಡ, ಕಚೇರ್ಯಾಗ ಮರಾಠಿ, ಸಿಟ್ಟು ಬಂದ್ರ ಎರಡೂ. "ಲವಕರ ಬಾರೋ" ಅಂತ ಮಗನ್ನ ಕರಿಯಾಕಿ ಅಂಚು ಎಲ್ಲಿ ಅಂತ ಯಾವ ಪರೀಕ್ಷಕ ಹುಡುಕ್ಯಾನು? 1967ರಾಗ ಗಡಿ ಜಗಳ ಬಿಡಿಸಾಕ ಬಂದ ಮಹಾಜನ ಆಯೋಗದವರು ಗೆರಿ ಎಳದು, ಅಕ್ಕಲಕೋಟ ಕರ್ನಾಟಕಕ್ಕ ಅಂದ್ರು. ಗೆರಿ ಕಾಗದದಾಗ ಉಳೀತು, ಲವಕರ ಬಾಯಾಗ ಉಳೀತು.

ನಾನು: ನಿಮ್ಮ ಮಾಲಕರೂ ಮರಿ ಆರಿಸ್ಯಾರೇನ್ರಿ?

ಮೀನು: ಹೋದ ಸಲ ಆರಿಸಿದ. ಚಲೋ ಅಂಚಿನವು ಸೋಲಾಪುರದ ಅಂಗಡಿಗೆ ಅಂತ ಟಾಕ್ಯಾಗ ಇಟ್ಟ. ಬ್ಯಾಸಗಿ, ಕಾದ ನೀರಾಗ ಮೊದಲ ಉಸಿರು ಕಡಿಮಿ. ಒಂದಿನ ರಾತ್ರಿ ಕರೆಂಟ್ ಹೋತು, ಗಾಳಿ ಪಂಪು ನಿಂತಿತು. ಬೆಳಗಾಗೂದ್ರಾಗ ಎಲ್ಲಾ ತೇಲಿದ್ದವು.

ನಾನು: ಮತ್ತ ಫೇಲಾದವು?

ಮೀನು: ಹೊಲದ ಬಾವಿಗೆ ಒಗದಿದ್ದ.

ನಾನು: ಅವೆಷ್ಟು ಅದಾವ್ರಿ ಈಗ?

ಮೀನು: ಎಣಸಾಕ ಇನ್ನೂ ಯಾವ ಆಯೋಗ ಬಂದಿಲ್ಲ.