ಬಂದೂಕಿನ ಅಪಾನವಾಯು: ಒಂದು ಶಾಸ್ತ್ರೀಯ ವಿಚಾರಣೆ

ದೇಹದೊಳಗೆ ವಾಯು ಐದು ಬಗೆ ಎಂದು ನಮ್ಮ ಹಿರಿಯರು ಎಣಿಸಿಟ್ಟಿದ್ದಾರೆ. ಬೋಲ್ಟ್ ಎಳೆದು ಹೊಡೆಯುವ ಬಂದೂಕಿನೊಳಗೂ ಅಷ್ಟೇ ಇವೆ ಎಂಬುದು ಈ ಪ್ರಬಂಧದ ಪ್ರತಿಜ್ಞೆ. ಈವರೆಗಿನ ವಿದ್ವಾಂಸರೆಲ್ಲ ಬಂದೂಕಿನ ಮುಂದಿನ ತುದಿಯನ್ನೇ ನೋಡುತ್ತ ಕೂತದ್ದರಿಂದ ಹಿಂದಿನ ತುದಿಯ ಶಾಸ್ತ್ರ ದಿಕ್ಕಿಲ್ಲದೆ ಬಿದ್ದಿದೆ. ಆ ಕೊರತೆಯನ್ನು ನೀಗಿಸುವ ಭಾರ ನಮ್ಮ ಮೇಲೆ ಬಂದಿದೆ. ಯಾರೂ ಹೊರಿಸಿದ್ದಲ್ಲ, ನಾವೇ ಹೊತ್ತುಕೊಂಡದ್ದು.

ಮೊದಲು ವಾಯುನಿರ್ಣಯ. ಕುದುರೆ ಎಳೆದೊಡನೆ ಕೇಪು ಸಿಡಿದು ಮದ್ದು ಹೊತ್ತಿಕೊಳ್ಳುತ್ತದೆ. ಹುಟ್ಟುವ ಅನಿಲದ ಒತ್ತಡ ಸೈನ್ಯದ ರೈಫಲುಗಳಲ್ಲಿ 3,000 ವಾತಾವರಣಗಳನ್ನೂ ಮೀರಬಹುದು. ಕಾರಿನ ಟೈರಿನಲ್ಲಿರುವುದು 2ರ ಆಸುಪಾಸು. ಬಂದೂಕಿನ ಈ ಅನಿಲದಲ್ಲಿ ಗುಂಡನ್ನು ತಳ್ಳಿಕೊಂಡು ಮುಂದಕ್ಕೆ ಹೋಗುವುದು ಪ್ರಾಣವಾಯು. ಹೆಸರು ಪ್ರಾಣವಾದರೂ ಕಸುಬು ಅದನ್ನು ತೆಗೆಯುವುದು. ತೋಟಾದ ಹಿತ್ತಾಳೆಯ ಖೋಲನ್ನು ಉಬ್ಬಿಸಿ ಅದು ಕೂತ ಕೋಣೆಯ ಗೋಡೆಗೆ ಒತ್ತಿ, ಎಲ್ಲ ಸಂದುಗಳನ್ನೂ ಮುಚ್ಚಿಸುವುದು ಸಮಾನವಾಯು. ಗುಂಡು ಹೊರಬಿದ್ದ ಮೇಲೆ ಖೋಲು ಮೈ ಸಡಿಲಿಸಿಕೊಂಡು ತೆಪ್ಪಗೆ ಈಚೆ ಬರುತ್ತದೆ. ಸಮಾನವು ಕೆಲಸ ಮಾಡುತ್ತಿರುವವರೆಗೆ ಉಳಿದ ಮೂರಕ್ಕೆ ಅಸ್ತಿತ್ವವೇ ಇಲ್ಲ. ಕೇಪು ತೂತಾದರೆ, ಖೋಲಿನ ಬುಡ ಕಿತ್ತುಕೊಂಡರೆ, ಅಥವಾ ಯಾವುದೋ ಬಂದೂಕಿನ ತೋಟಾ ಇನ್ಯಾವುದೋ ಬಂದೂಕಿಗೆ ಹೊಕ್ಕರೆ, ಆಗ ವ್ಯಾನವು ಮ್ಯಾಗಜೀನಿಗೆ ನುಗ್ಗಿ ಬಂದೂಕಿನ ಮರವನ್ನು ಸೀಳುತ್ತದೆ, ಉದಾನ ಮೇಲಕ್ಕೇಳುತ್ತದೆ, ಅಪಾನ ಹಿಂದಕ್ಕೆ ಹೊರಡುತ್ತದೆ. ಹಿಂದೆ, ಒಂದು ಗೇಣಿನ ಆಸುಪಾಸಿನಲ್ಲಿ, ಈಡುಗಾರನ ಕಣ್ಣಿರುತ್ತದೆ. ಪ್ರಸ್ತುತ ಶಾಸ್ತ್ರ ಹುಟ್ಟಿದ್ದು ಈ ಒಂದು ಗೇಣಿನಲ್ಲಿ.

ಆದಿಯುಗದಲ್ಲಿ ಸಮಾನವೇ ಇರಲಿಲ್ಲ. ಪ್ರಷ್ಯಾದ ಸೈನ್ಯ 1841ರಲ್ಲಿ ಒಪ್ಪಿಕೊಂಡ ಡ್ರೈಸೆ ಸೂಜಿ ಬಂದೂಕಿಗೆ ಕಾಗದದ ತೋಟಾ. ಉಕ್ಕಿಗೆ ಉಕ್ಕು ಕೂಡುವ ಸಂದಿನಿಂದ ಅನಿಲ ಸೋರಿ ಮುಖಕ್ಕೆ ಬಡಿಯುತ್ತಿತ್ತು. ಅನುಭವಸ್ಥ ಸಿಪಾಯಿಗಳು ಇದಕ್ಕೊಂದು ಪರಿಹಾರ ಕಂಡುಕೊಂಡರು: ಬಂದೂಕನ್ನು ಭುಜಕ್ಕೆ ಏರಿಸದೆ ಸೊಂಟದಿಂದಲೇ ಹೊಡೆಯುವುದು. ಕಣ್ಣು ಉಳಿಯಿತು, ಗುರಿ ದೈವಾಧೀನವಾಯಿತು. ಫ್ರೆಂಚರ 1866ರ ಶಾಸ್‌ಪೋ ಬಂದೂಕು ಬೋಲ್ಟಿನ ಮೂತಿಗೆ ರಬ್ಬರ್ ಬಳೆ ತೊಡಿಸಿತು. ಅದು ಚೆನ್ನಾಗಿಯೇ ಮುಚ್ಚುತ್ತಿತ್ತು, ಬೆಂಕಿಗೆ ಸುಟ್ಟು ಬಿರುಕು ಬಿಡುವವರೆಗೆ. 1870ರಲ್ಲಿ ಇವೆರಡು ಸಿದ್ಧಾಂತಗಳಿಗೆ ಯುದ್ಧಭೂಮಿಯಲ್ಲೇ ವಾಕ್ಯಾರ್ಥ ನಡೆಯಿತು. ಗೆದ್ದವರು ಸೋರುವ ಬಂದೂಕಿನವರು. ಕ್ರುಪ್ ಫಿರಂಗಿಗಳ ದೆಸೆಯಿಂದ ಗೆದ್ದರೆಂದು ಇತಿಹಾಸಕಾರರು ಹೇಳುತ್ತಾರೆ. ನಮ್ಮ ಪ್ರತಿಜ್ಞೆಗೆ ಅಡ್ಡ ಬರುವುದರಿಂದ ಅದನ್ನು ವಿಷಯಾಂತರವೆಂದು ಕೈಬಿಟ್ಟಿದ್ದೇವೆ.

ಮುಂದೆ ಹಿತ್ತಾಳೆ ಖೋಲು ಬಂತು. 1884ರಲ್ಲಿ ಪೌಲ್ ವಿಯೇಯ್ ಹೊಗೆರಹಿತ ಮದ್ದು ಮಾಡಿಕೊಟ್ಟ ಮೇಲೆ ಒತ್ತಡವೂ ಏರಿತು. ಫ್ರಾನ್ಸಿನ 1886ರ ಲೆಬೆಲ್ ರೈಫಲಿಗೆ 1893ರಲ್ಲಿ ತಿದ್ದುಪಡಿ ಮಾಡಿ, ಅನಿಲ ಮುಖಕ್ಕೆ ಬಾರದಂತೆ ಬೋಲ್ಟಿಗೆ ಒಂದು ಮರೆ ಕೊಟ್ಟರು. ಆದರೆ ಶಾಸ್ತ್ರದ ಸೂತ್ರಕಾರರೆಂದರೆ ಜರ್ಮನಿಯ ಓಬರ್ನ್‌ಡಾರ್ಫಿನ ಪೌಲ್ ಮೌಸರ್, ಗ್ರಂಥವೆಂದರೆ 1898ರ ಮೌಸರ್ ರೈಫಲ್.

ಇದರ ಬೋಲ್ಟನ್ನು ಈಚೆ ಎಳೆದು ತಿರುಗಿಸಿ ನೋಡಿದರೆ ಮೈಯಲ್ಲಿ ಎರಡು ಮೊಟ್ಟೆಯಾಕಾರದ ತೂತುಗಳು ಕಾಣುತ್ತವೆ. ಕೇಪು ತೂತಾಗಿ ಅನಿಲ, ಕೇಪಿಗೆ ಬಡಿಯುವ ಸೂಜಿಯ ದಾರಿಯಲ್ಲಿ ಬೋಲ್ಟಿನ ಹೊಟ್ಟೆಗೆ ಹೊಕ್ಕರೆ, ಬಾಲದವರೆಗೆ ಹೋಗಬೇಕಾಗಿಲ್ಲ. ಈ ತೂತುಗಳಿಂದ ಎಡಗಡೆಯಲ್ಲಿ ಬೋಲ್ಟಿನ ಕಿವಿ ಜಾರಿ ಓಡಾಡುವ ಕಾಲುವೆಗೆ ಇಳಿಯಬಹುದು. ಅಲ್ಲಿಂದ ಹಿಂದೆ ಬರುವಾಗ ಎಡಗೋಡೆಯಲ್ಲಿ ಒಂದು ಬಾಗಿದ ಕಚ್ಚು ಸಿಗುತ್ತದೆ. ತೋಟಾ ತುಂಬುವಾಗ ಹೆಬ್ಬೆರಳು ಇಳಿಯಲೆಂದು ಕೊರೆದದ್ದು ಅದು, ಅನಿಲಕ್ಕೂ ಹೆಬ್ಬಾಗಿಲಾಯಿತು. ಇಷ್ಟಾದರೂ ಹಟ ಹಿಡಿದು ಹಿಂದಕ್ಕೇ ಬರುವ ಅಪಾನಕ್ಕೆ ಬೋಲ್ಟಿನ ಬಾಲದಲ್ಲಿ ಅಗಲವಾದ ಅಂಚೊಂದು ಎದುರಾಗಿ ಕಾಲುವೆಯ ಬಾಯಿಗೆ ಅಡ್ಡ ನಿಲ್ಲುತ್ತದೆ. ಮೂರು ಹಂತದ ಮೇಲ್ಮನವಿ ಎನ್ನಿ.

ಇಲ್ಲಿ ಪೂರ್ವಪಕ್ಷಿಯು ಕೆಮ್ಮಿ ಕೇಳುತ್ತಾನೆ: ಬಲಗೈ ಈಡುಗಾರನ ಕೆನ್ನೆ ಒರಗುವುದು ಬಂದೂಕಿನ ಎಡಮಗ್ಗುಲಿಗೆ. ಅನಿಲವನ್ನೂ ಎಡಕ್ಕೇ ಕಳಿಸುವುದು ಎಂಥ ಜಾಣತನ?

ಸಮಾಧಾನ: ಕೆನ್ನೆ ಇರುವುದು ಹಿಂದೆ, ಕಚ್ಚು ಇರುವುದು ಮುಂದೆ. ಅಲ್ಲಿ ಹೊರಬಿದ್ದದ್ದು ಪಕ್ಕಕ್ಕೆ ಹೋಗುತ್ತದೆ. ಪಕ್ಕದಲ್ಲಿ ಮಲಗಿ ಗುರಿ ಹಿಡಿದ ಸಹೋದ್ಯೋಗಿಯ ಗತಿಯೇನು ಎಂದರೆ, ಅದು ಅವನ ಮತ್ತು ಅವನ ಹವಾಲ್ದಾರನ ನಡುವಿನ ಸಂಗತಿ.

ಹೀಗೆ ಇಡೀ ಜಗತ್ತಿನ ಕಣ್ಣುಗಳಿಗೆ ಅಭಯವಿತ್ತ ಮೌಸರ್, 1901ರಲ್ಲಿ ತಾನೇ ತಾನಾಗಿ ತೋಟಾ ತುಂಬಿಕೊಳ್ಳುವ ಬೇರೊಂದು ರೈಫಲನ್ನು ಪರೀಕ್ಷಿಸುವಾಗ ಒಂದು ಕಣ್ಣು ಕಳೆದುಕೊಂಡರು. ಭಾಷ್ಯಕಾರರಿಗೆ ಇಲ್ಲಿ ಮಾತು ನಿಲ್ಲುತ್ತದೆ.

ಅಮೆರಿಕದವರ 1903ರ ಸ್ಪ್ರಿಂಗ್‌ಫೀಲ್ಡ್ ಮೌಸರ್ ಪದ್ಧತಿಯದೇ. ಪೇಟೆಂಟಿನ ಬಾಬ್ತು 2,00,000 ಡಾಲರ್ ತೆತ್ತೂ ಬಾಲದ ಆ ಅಗಲ ಅಂಚನ್ನು ಮಾತ್ರ ಮನೆಗೆ ತರಲಿಲ್ಲ. ಮೊದಮೊದಲು ಅಲ್ಲಿನ ಕುಲುಮೆಯವರು ಕಾದ ಉಕ್ಕಿನ ಬಣ್ಣವನ್ನು ಕಣ್ಣಳತೆಯಲ್ಲೇ ನೋಡಿ ಹದ ತೀರ್ಮಾನಿಸುತ್ತಿದ್ದರು. ಬಿಸಿಲು ಚೆನ್ನಾಗಿದ್ದ ದಿನ ಅದೇ ಕಾವು ಮಂಕಾಗಿ ಕಾಣುತ್ತದೆ, ಆದ್ದರಿಂದ ಇನ್ನಷ್ಟು ಕಾಯಿಸುತ್ತಿದ್ದರು. ಉಕ್ಕು ಕರಕಲಾಗಿ ಗಾಜಿನ ಗುಣ ಪಡೆಯುತ್ತಿತ್ತು. 1917ರ ಹೊತ್ತಿಗೆ ಕೆಲವು ಸಿಡಿದವು. ಮೋಡದ ದಿನ ಹುಟ್ಟಿದ ಬಂದೂಕಿಗೆ ದೀರ್ಘಾಯುಷ್ಯ, ಬಿಸಿಲಿನ ದಿನ ಹುಟ್ಟಿದ್ದಕ್ಕೆ ಗಂಡಾಂತರ: ಆಯುಧಕ್ಕೂ ಜಾತಕವುಂಟೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಪುರಾವೆ ಬೇಕಿಲ್ಲ. ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆಯ 8,00,000ಕ್ಕಿಂತ ಕಡಿಮೆ ನಂಬರಿನವನ್ನು ಇಂದಿಗೂ ಬಲ್ಲವರು ಹೊಡೆಯುವುದಿಲ್ಲ. ಇದನ್ನೆಲ್ಲ ಬರೆದಿಟ್ಟ ಸೇನಾಧಿಕಾರಿ ಜೂಲಿಯನ್ ಹ್ಯಾಚರ್ ಹೆಸರು ಕೊನೆಗೆ ನಿಂತದ್ದು ಒಂದು ತೂತಿಗೆ. ಅನಿಲ ಹೊರಹೋಗಲೆಂದು ಆ ರೈಫಲಿನ ಎಡಗೋಡೆಗೆ ಆಮೇಲೆ ಕೊರೆದದ್ದನ್ನು ಹ್ಯಾಚರ್ ತೂತು ಎನ್ನುತ್ತಾರೆ. ವಿದ್ವತ್ತಿಗೆ ಸಲ್ಲುವ ಮರ್ಯಾದೆ ಸಾಮಾನ್ಯವಾಗಿ ಇದೇ ಅಳತೆಯದು.

ಜಪಾನಿನ ಅರಿಸಾಕ ಪಂಥ ಉದಾನವಾದಿ. 1905ರ ಮಾದರಿಯಲ್ಲಿ ನೆತ್ತಿಯ ಮೇಲೆಯೇ ಎರಡು ತೂತು. ಬಂದದ್ದು ಆಕಾಶಕ್ಕೆ ಹೋಗಲಿ ಎಂಬ ವೈರಾಗ್ಯ. ನಮ್ಮಲ್ಲಿ ಖಜಾನೆ ಕಾಯುವ ಪೇದೆಯ ಹೆಗಲಲ್ಲಿ ಹಳಬರು ನೋಡಿರುವ ತ್ರೀ ನಾಟ್ ತ್ರೀ, ಅಂದರೆ ಲೀ-ಎನ್‌ಫೀಲ್ಡ್, ಬೋಲ್ಟಿನ ತಲೆಯಲ್ಲೊಂದು ಚಿಕ್ಕ ತೂತು ಇಟ್ಟುಕೊಂಡು ಸಂಸಾರ ಸಾಗಿಸಿತು. ಕೋಲ್ಕತ್ತದ ಬಳಿಯ ಇಶಾಪುರ ಕಾರ್ಖಾನೆ 1960ರ ದಶಕದಲ್ಲಿ ಅದನ್ನೇ ಇನ್ನೂ ಗಟ್ಟಿ ಉಕ್ಕಿನಲ್ಲಿ, 7.62 ಮಿ.ಮೀ. ತೋಟಾಕ್ಕೆ ಒಗ್ಗಿಸಿತು. ಎನ್‌ಸಿಸಿಯಲ್ಲಿ ತ್ರೀ ನಾಟ್ ತ್ರೀಯ ಭಾರ ಹೊತ್ತವರಿಗೆ ಭುಜದ ನೋವು ನೆನಪಿದೆಯೇ ಹೊರತು ತೂತನ್ನು ಕಂಡ ನೆನಪಿಲ್ಲ.

ಪೂರ್ವಪಕ್ಷಿ ಮತ್ತೆ ಎದ್ದಿದ್ದಾನೆ. ಹಿಂದಿರುವವನಿಗೆ ತೂತು, ಕಾಲುವೆ, ಅಂಚು ಎಂದು ಇಷ್ಟೆಲ್ಲ ರಕ್ಷಣೆ ಇರುವಾಗ, ಬಂದೂಕಿನ ಮುಂದಿರುವವನ ಸುರಕ್ಷತೆಗೆ ಯಾವ ಎಂಜಿನಿಯರನೂ ಏಕೆ ತಲೆ ಕೆಡಿಸಿಕೊಳ್ಳಲಿಲ್ಲ ಎಂಬುದು ಅವನ ಪ್ರಶ್ನೆ. ಪ್ರಾಣವಾಯುವಿನ ಫಲಾನುಭವಿಗಳು ಈ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲವೆಂದು ತಿಳಿಸಿ ಅವನನ್ನು ಕೂರಿಸಲಾಯಿತು. ಅವನು ಕೂತಲ್ಲಿಂದಲೇ ಇನ್ನೊಂದು ಕೇಳಿದ: ಶಾಸ್ತ್ರ ಇಷ್ಟು ಪರಿಪೂರ್ಣವಾಗಿದ್ದರೆ ಶೂಟಿಂಗ್ ರೇಂಜಿನಲ್ಲಿ ಕನ್ನಡಕ ಹಾಕಿಕೊಳ್ಳಿ ಎನ್ನುವುದೇಕೆ?

ಸಿದ್ಧಾಂತಿಯು ಈ ಪ್ರಶ್ನೆಯನ್ನು ಬಾಲಿಶವೆಂದು ತಳ್ಳಿಹಾಕಿ, ತನ್ನ ಕನ್ನಡಕ ಒರೆಸಿ ಹಾಕಿಕೊಂಡು, ಬೋಲ್ಟ್ ಮುಚ್ಚಿದನು.