ಡೇಟ್ ಫಿಲ್ಟರ್ ಸಾಹೇಬರಿಗೊಂದು ಬಹಿರಂಗ ಪತ್ರ

ಡ್ಯಾಶ್‌ಬೋರ್ಡಿನ ಬಲಮೂಲೆಯಲ್ಲಿ ವಿರಾಜಮಾನರಾದ ಡೇಟ್ ಫಿಲ್ಟರ್ ಸಾಹೇಬರಿಗೆ,

ಸಾಷ್ಟಾಂಗ ನಮಸ್ಕಾರ. ‘ನಾನು ಕ್ಷೇಮ’ ಎಂದು ಶುರು ಮಾಡುವುದು ವಾಡಿಕೆ. ನಾನು ಕ್ಷೇಮವಾಗಿಲ್ಲ. ನಿನ್ನೆ ತಮ್ಮ ಸೇವೆಯಲ್ಲಿದ್ದಾಗಲೇ ಊರಿನ ಕೊನೆಯ ಬಸ್ಸು ಹೊರಟುಹೋಯಿತು.

ಕೆಲಸ ಇದ್ದದ್ದು ಇಷ್ಟೇ. ನಮ್ಮ ಪಂಪ್‌ಸೆಟ್ ಡಿಪೋದಲ್ಲಿ ಕಳೆದ ವರ್ಷ ಯಾವ ತಿಂಗಳು ಎಷ್ಟು ಆರ್ಡರು, ಎಷ್ಟು ಮಾಲು ವಾಪಸ್ಸು ಎಂದು ಪವರ್ ಬಿಐಯಲ್ಲಿ ತೋರಿಸಬೇಕಿತ್ತು. ಏಪ್ರಿಲ್ ಒತ್ತಿದೆ: ವಾಪಸ್ಸು 4,18,600 ರೂಪಾಯಿ. ಮೇ ಒತ್ತಿದೆ: 4,18,600. ಜೂನ್‌ಗೂ ಅದೇ. ನನ್ನ ಸಂಬಳವೂ ಇಷ್ಟು ನಿಯತ್ತಾಗಿ ಬರುವುದಿಲ್ಲ ಸಾಹೇಬರೇ.

ತಮ್ಮನ್ನು ಆರ್ಡರ್ ಟೇಬಲ್ಲಿನ ತಾರೀಖಿನ ಮೇಲೆ ಕೂರಿಸಿದ್ದೆ. ಆರ್ಡರಿಗೂ ವಾಪಸ್ಸಿಗೂ ನಡುವೆ ಇದ್ದದ್ದು ಗಿರಾಕಿಗಳ ಟೇಬಲ್ಲು. ತಮ್ಮ ಅಪ್ಪಣೆ ಗಿರಾಕಿಯಿಂದ ಆರ್ಡರಿಗೆ ಇಳಿಯುತ್ತದಂತೆ, ಆರ್ಡರಿನಿಂದ ಗಿರಾಕಿಗೆ ಹತ್ತುವುದಿಲ್ಲವಂತೆ. ಪಕ್ಕದ ಕುರ್ಚಿಯ ಹುಡುಗ, “ಎರಡೂ ದಿಕ್ಕಿಗೆ ಬಿಡಿ ಸರ್” ಅಂದ. ಬಿಟ್ಟೆ. ಅಂಕಿ ಕುಣಿಯಿತು! ಚಹಾ ತರಿಸಿದೆ. ಚಹಾ ಮುಗಿಯುವಷ್ಟರಲ್ಲಿ ಗೊತ್ತಾಯಿತು: ಏಪ್ರಿಲ್‌ನಲ್ಲಿ ಆರ್ಡರು ಕೊಟ್ಟವರು ವರ್ಷವಿಡೀ ವಾಪಸ್ಸು ಮಾಡಿದ್ದನ್ನೆಲ್ಲ ತಾವು ಏಪ್ರಿಲ್ ತಲೆಗೇ ಕಟ್ಟಿದ್ದಿರಿ.

ಸರಿ, ಅದನ್ನು ಮುಚ್ಚಿದೆ. ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ ಒಂದು ದಿನವೂ ಬಿಡದೆ ಬೇರೆ ಕ್ಯಾಲೆಂಡರ್ ಟೇಬಲ್ ಮಾಡಿ, ಆರ್ಡರು, ವಾಪಸ್ಸು ಎರಡಕ್ಕೂ ಜೋಡಿಸಿ, ತಮ್ಮನ್ನು ಅದರ ಮೇಲೆ ಕೂರಿಸಿದೆ. ಈಗ ವಾಪಸ್ಸಾದ ಮಾಲೇ ಮಾಯ! ವಾಪಸ್ಸಿನ ತಾರೀಖಿನ ಬೆನ್ನಿಗೆ ಗಂಟೆ, ನಿಮಿಷ ಅಂಟಿಕೊಂಡಿತ್ತು. ಕ್ಯಾಲೆಂಡರಿನಲ್ಲಿ ದಿನವೆಂದರೆ ರಾತ್ರಿ ಹನ್ನೆರಡು; ನಮ್ಮ ಗಿರಾಕಿ ಮೋಟಾರು ತಂದದ್ದು ಬೆಳಿಗ್ಗೆ 11:42ಕ್ಕೆ. ನಡುರಾತ್ರಿ ಮೋಟಾರು ಹೊತ್ತು ತಂದವನಿಗೆ ಮಾತ್ರ ತಮ್ಮ ದರ್ಶನ. ಫಾರ್ಮ್ಯಾಟ್ ಬದಲಿಸಿದೆ. ಗಂಟೆ ಕಣ್ಣಿಗೆ ಮರೆಯಾಯಿತು, ಹೊಟ್ಟೆಯೊಳಗೆ ಹಾಗೇ ಇತ್ತು.

ಇದನ್ನೆಲ್ಲ ಮರೆಯಬಲ್ಲೆ. ಮರೆಯಲಾಗದ್ದು ತಮ್ಮ ಮೌನ. ಮೂರು ಸಲ ತಪ್ಪು ತೋರಿಸಿದಿರಿ, ಒಂದು ಸಲವೂ ಕೆಮ್ಮಲಿಲ್ಲ. ಕಾಮಾ ಬಿಟ್ಟರೆ ಫಾರ್ಮುಲಾ ಕೆಂಪಾಗಿ ಕಿರುಚುತ್ತದೆ. ತಾವೋ, ಸುಳ್ಳು ಅಂಕಿಯನ್ನು ದಪ್ಪ ಅಕ್ಷರದಲ್ಲಿ ಬರೆದು ಸುಮ್ಮನೆ ಕೂರುತ್ತೀರಿ. ಆ 4,18,600 ಅನ್ನು ಮಧ್ಯಾಹ್ನವೇ ಮ್ಯಾನೇಜರಿಗೆ ಕಳಿಸಿಬಿಟ್ಟಿದ್ದೆ. “ಪ್ರತಿ ತಿಂಗಳೂ ಇಷ್ಟು ವಾಪಸ್ಸಾ?” ಎಂದು ಅವರು ಗೋಡೌನಿನ ಹಿರಿಯರನ್ನು ಎಲ್ಲರೆದುರು ಬೈದರು. ಮೂವತ್ತು ವರ್ಷ ಕೈಬರಹದ ಲೆಡ್ಜರಿನಲ್ಲಿ ಒಂದು ದಿನ ತಪ್ಪದ ಮನುಷ್ಯ. ತಲೆ ತಗ್ಗಿಸಿ ನಿಂತಿದ್ದರು. ನಿಮಗೆ ನಾಚಿಕೆ ಇಲ್ಲ, ನನಗೆ ಇದೆ. ಇವತ್ತು ಬೆಳಿಗ್ಗೆ ಹೋಗಿ ಕ್ಷಮೆ ಕೇಳಿದೆ. “ತಿಂಗಳು ತಿಂಗಳು ಒಂದೇ ಮೊತ್ತ ಬಂದರೆ ಅದು ನಿನ್ನ ಸಂಬಳ ಕಣಪ್ಪ, ವಾಪಸ್ಸು ಮಾಲಲ್ಲ” ಅಂದರು. ಇಲ್ಲ, ನನ್ನ ಸಂಬಳವೂ ಹಾಗೆ ಬರುವುದಿಲ್ಲ ಎನ್ನಲು ಬಾಯಿ ಬರಲಿಲ್ಲ.

ನಿನ್ನೆ ಕೊನೆಗೆ ಆ ತಾರೀಖಿನ ಕಾಲಮ್ಮಿನ ಟೈಪನ್ನೇ ಕ್ವೆರಿಯಲ್ಲಿ ಡೇಟ್ ಎಂದು ಬದಲಿಸಿದ ಮೇಲೆ ಲೆಕ್ಕ ಕೂಡಿತು. ಆಗ ರಾತ್ರಿ ಹತ್ತೂವರೆ. ಮನೆಗೆ ಆಟೋದಲ್ಲಿ ಹೋದೆ, ಇನ್ನೂರೈವತ್ತು ರೂಪಾಯಿ. ಹತ್ತುವ ಮೊದಲೇ ಆಟೋದವನು ಹೇಳಿದ್ದ: “ಮೀಟರ್ ಕೆಟ್ಟಿದೆ ಸರ್.”

ಇಂತಿ,
ಬಸ್ಸು ತಪ್ಪಿದ ಗುಮಾಸ್ತ